ಸಾತ್ವಿಕ ರಾಕ್ಷಸರು

ಹಳೆಯ ಕತೆಗಳಲ್ಲಿ ರಾಕ್ಷಸರಿಗೆ ಬಹಳ ಅನ್ಯಾಯವಾಗಿದೆ, ಪಾತ್ರ ಹಂಚಿಕೊಂಡು ದಾಳ ಎಸೆದು ಆಡುವಂತೆ ತಾನು ಕಟ್ಟುವ ಆಟದಲ್ಲಾದರೂ ಅವರನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ಶ್ರೀವತ್ಸ ಮೂರು ತಿಂಗಳು ಕೂತು ನೋಟ್‌ಬುಕ್ ತುಂಬಿಸಿದ್ದ. ಭಾನುವಾರ ಗೆಳೆಯರು ಅವನ ರೂಮಿನಲ್ಲಿ ದಾಳ ಹಿಡಿದು ಕೂತಾಗ ಗಂಟಲು ಸರಿಮಾಡಿಕೊಂಡ. ಪಾತ್ರಗಳ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ: ಮಹಾರಾಜ, ಮನುಷ್ಯ ಕುಲ.

"ನನ್ನ ರಾಕ್ಷಸರು ಬೆಳಗಿನ ಜಾವ ತಣ್ಣೀರು ಸ್ನಾನ ಮಾಡ್ತಾರೆ. ಮಾಂಸ ಮುಟ್ಟಲ್ಲ. ಈರುಳ್ಳಿ, ಬೆಳ್ಳುಳ್ಳೀನೂ ಇಲ್ಲ."

"ಮತ್ತೆ ಯುದ್ಧ ಯಾರ್ ಜೊತೆ?" ಎಂದ ನಿಂಗರಾಜು.

"ಇನ್ನೂ ಮಾಂಸ ತಿನ್ನೋ ರಾಕ್ಷಸರಿದಾರಲ್ಲ, ಅವರನ್ನ ರಾಜ್ಯ ಬಿಟ್ಟು ಓಡಿಸ್ಬೇಕು. ಅದೇ ಆಟ."

ಅವ್ವ ಬೆಳಿಗ್ಗೆ ಹುರಿದು ಕಟ್ಟಿಕೊಟ್ಟಿದ್ದ ನಾಟಿಕೋಳಿಯ ಡಬ್ಬಿಯನ್ನು ನಿಂಗರಾಜು ಕಾಲಿನಿಂದಲೇ ಮಂಚದ ಕೆಳಗೆ ಸರಿಸಿದ.

"ಮನುಷ್ಯರು ತಿಂದ್ರೆ?"

"ತಿಂದ ಮೇಲೆ ಅವನೆಂಥ ಮನುಷ್ಯ? ಒಂದೇ ಒಂದು ತುಂಡು ತಿಂದ್ರೂ ರಾಕ್ಷಸ ಕುಲಕ್ಕೆ ಸೇರಿದ, ಅಷ್ಟೇ."

"ಯಾರಾದ್ರೂ ಸರಿಯಾ?"

"ಯಾರಾದ್ರೂ ಸರಿ. ರೂಲ್ಸ್ ಅಂದ್ರೆ ರೂಲ್ಸ್."

ಆಟ ನಿಲ್ಲಿಸಿ ಊಟಕ್ಕೆ ಎದ್ದಾಗ ಮಹಾರಾಜರೇ ಮಂಚದ ಕೆಳಗೆ ಬಗ್ಗಿ ಡಬ್ಬಿ ಎಳೆದುಕೊಂಡರು.

"ಪ್ರತಿ ವಾರದ ಹಾಗೆ ಕಾಲಿನ ಪೀಸು ನಂದೇ ಕಣೋ. ನಮ್ಮಮ್ಮ ಫೋನಲ್ಲಿ ಕೇಳಿದ್ರೆ ಪಲಾವ್ ತಿಂದ ಅಂತ ಹೇಳು."

ಅವನು ಎರಡನೇ ಕಾಲು ಚೀಪುತ್ತಿದ್ದಾಗ ನಿಂಗರಾಜು ನೋಟ್‌ಬುಕ್ ತೆರೆದು, ಮೊದಲ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದಿದ್ದ 'ಮನುಷ್ಯ' ಎಂಬುದನ್ನು ರಬ್ಬರಿನಿಂದ ಉಜ್ಜಿ ತೆಗೆದು, ದಾಳವನ್ನು ಪಕ್ಕದವನ ಕೈಗಿಟ್ಟ.

"ಓಡ್ಸ್ರಲಾ ಇವನ್ನ."