ಅಕ್ಷತಾಳ ಹುಟ್ಟುಹಬ್ಬಕ್ಕೆ ನಾಲ್ಕು ಕಾರ್ಡು

ಅಕ್ಷತಾ ಬೋರ್ಡಿನ ಮುಂದೆ ನೆಟ್ಟಗೆ ನಿಂತು ಎರಡನೆಯ ಕಾರ್ಡನ್ನು ಗಟ್ಟಿಯಾಗಿ ಓದಿದಳು: “ಅಕ್ಷತಾಗೆ ಹುಟ್ಟುಹಬ್ಬದ ಶುಭಾಶಯ. ನಿಮ್ಮ ಕುರಿ ಎರಡು ಮರಿ ಹಾಕಲಿ. ಇಂತಿ ಹೊನ್ನೇಶ್.” ಓದಿ ಮುಗಿಸಿ, ಎಲ್ಲರೂ ಚಪ್ಪಾಳೆ ತಟ್ಟಲಿ ಎಂದು ಕಾದಳು. ಎಲ್ಲರೂ ಎಂದರೆ ಶಾಂಭವಿ ಟೀಚರ್ ಒಬ್ಬರೇ. ಅವರು ಇಲ್ಲದವರ ಪಾಲನ್ನೂ ಸೇರಿಸಿ ಜೋರಾಗಿಯೇ ತಟ್ಟಿದರು.

ಯಗಟಿಯಿಂದ ಮೂರು ಕಿಲೋಮೀಟರು ಒಳಗಿರುವ ಆ ಶಾಲೆಯಲ್ಲಿ ಹೋದ ವರ್ಷ ಐದು ಮಕ್ಕಳಿದ್ದರು. ಈ ಜೂನ್‌ನಲ್ಲಿ ನಾಲ್ವರು ಕಡೂರಿನ ಕಾನ್ವೆಂಟಿನ ಹಳದಿ ವ್ಯಾನು ಹತ್ತಿದರು. ಉಳಿದವಳು ಮೂರನೇ ಕ್ಲಾಸಿನ ಅಕ್ಷತಾ. ಯಾರ ಹುಟ್ಟುಹಬ್ಬ ಬಂದರೂ ಉಳಿದವರೆಲ್ಲ ಬಣ್ಣದ ಹಾಳೆ ಮಡಿಚಿ, ಮಾರ್ಕರಿನಲ್ಲಿ ಬರೆದು ಕಾರ್ಡು ಕೊಡಬೇಕು, ಹುಟ್ಟುಹಬ್ಬದವರು ಎದ್ದು ನಿಂತು ಓದಬೇಕು. ಇದು ಹನ್ನೆರಡು ವರ್ಷದ ಹಿಂದೆ ಶಾಂಭವಿ ಟೀಚರೇ ಹಚ್ಚಿದ ಗೀಳು. ಮಕ್ಕಳು ಹೋದರು, ಗೀಳು ಹೋಗಲಿಲ್ಲ.

“ಇವೆಲ್ಲ ಯಾವಾಗ ಕೊಟ್ರು ಪುಟ್ಟಿ?”

“ಬೆಳಿಗ್ಗೆ ಮಿಸ್. ವ್ಯಾನ್ ಕಿಟ್ಕೀಲಿ ಒಬ್ಬೊಬ್ರೇ ಕೈ ಹಾಕಿ ಕೊಟ್ರು.”

“ಡ್ರೈವರ್ ವ್ಯಾನ್ ನಿಲ್ಲಿಸಿದ್ನಾ?”

“ನಿಲ್ಸಿದ್ರು ಮಿಸ್. ಹುಟ್ಟಿದಬ್ಬ ಅಲ್ವಾ!”

ಮೂರನೆಯದು ಭವ್ಯಳದು. “ನಿನ್ನ ಜೊತೆ ಟೂ ಬಿಟ್ಟಿದ್ದು ತಪ್ಪಾಯಿತು. ವ್ಯಾನಿನಲ್ಲಿ ನನಗೆ ವಾಂತಿ ಬರುತ್ತದೆ. ನಾಳೆಯಿಂದ ನಮ್ಮ ಸ್ಕೂಲಿಗೇ ಬರುತ್ತೇನೆ.” ಶಾಂಭವಿ ಟೀಚರಿಗೆ ಹೋದ ಜೀವ ಬಂದ ಹಾಗಾಯಿತು. ಭವ್ಯ ಬಂದರೆ ಇಬ್ಬರಾದರು. ಇಬ್ಬರಾದರೆ ಅಕ್ಷತಾಳ ಅಪ್ಪ ಸುಮ್ಮನಾಗುತ್ತಾನೆ, ಶಾಲೆ ಉಳಿಯುತ್ತದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅವರು ಎದ್ದು ಹೋಗಿ ಆ ಕಾರ್ಡಿಗೆ ಕೈ ಚಾಚಿದರು.

ಹಾಳೆ ನೋಡಿದರೆ, ಶನಿವಾರ ಬೀರೂರಿನಲ್ಲಿ ತಾವೇ ಕೊಂಡು ತಂದು ಶಾಲೆಯ ಬೀರುವಿನಲ್ಲಿಟ್ಟ ಕಟ್ಟಿನದು. ಕಾರ್ಡು ಕೊಟ್ಟ ಅಕ್ಷತಾಳ ಎಡಗೈ ಬೆರಳಿಗೆಲ್ಲ ಹಸಿರು ಮಾರ್ಕರ್ ಮೆತ್ತಿತ್ತು. ಅವಳು ಬರೆಯುವುದು ಬಲಗೈಯಲ್ಲಿ.

“ಎಡಗೈಲಿ ಬರೆದ್ಯೇನೆ?”

ಹುಡುಗಿ ತಲೆ ತಗ್ಗಿಸಿದಳು. “ಬಲಗೈಲಿ ಬರೆದ್ರೆ ಎಲ್ಲಾ ನನ್ ಅಕ್ಷರಾನೇ ಆಯ್ತದೆ ಮಿಸ್. ಹೊನ್ನೇಶಂದೊಂದೇ ಬಲಗೈದು. ಬೈಬ್ಯಾಡಿ ಮಿಸ್.”

ಟೀಚರ್ ಕಾರ್ಡನ್ನು ವಾಪಸು ಅವಳ ಕೈಗಿಟ್ಟರು. ನಿನ್ನೆ ಅವಳ ಅಪ್ಪ ಗಿರಿಯಪ್ಪ ಅರ್ಜಿ ಹಿಡಿದು ಬಂದಿದ್ದ. “ಮನೇಗ್ ಬಂದು ಕುರಿಮರಿಗಳಿಗೆ ಹಾಜರಿ ಕೂಗ್ತಾಳೆ ಮೇಡಂ. ಟಿ.ಸಿ. ಕೊಟ್ಬಿಡಿ, ಇವಳ್ನೂ ವ್ಯಾನ್ ಹತ್ತಿಸ್ತೀನಿ” ಎಂದಿದ್ದ. “ಒಂದು ಮಗೂಗೆ ಒಬ್ರು ಟೀಚರು. ಯಾವ ಕಾನ್ವೆಂಟಲ್ಲಿ ಸಿಗುತ್ತೆ ಹೇಳಿ ಗಿರಿಯಪ್ನೋರೆ?” ಎಂದು ಟೀಚರ್ ನಗುನಗುತ್ತಲೇ ಅವನ ಬಾಯಿ ಮುಚ್ಚಿಸಿ, ಅರ್ಜಿಯನ್ನು ಡ್ರಾಯರಿನೊಳಗೆ ತಳ್ಳಿದ್ದರು. ಹೇಳಿದ್ದು ಸುಳ್ಳಲ್ಲ. ಆದರೆ ಈ ಮಗುವೂ ಹೋದರೆ ಬಾಗಿಲಿಗೆ ಬೀಗ ಬೀಳುತ್ತದೆ, ತಮ್ಮನ್ನು ಇನ್ನೆಲ್ಲಿಗೋ ಹಾಕುತ್ತಾರೆ ಎನ್ನುವುದನ್ನು ಹೇಳಿರಲಿಲ್ಲ. ಬೀರೂರಿನ ಬಾಡಿಗೆ ರೂಮಿನಲ್ಲಿ ಬಂದಿರಾ, ಉಂಡಿರಾ ಎಂದು ಕೇಳುವವರಿಲ್ಲ. ದಿನವಿಡೀ ಅವರನ್ನು ಕರೆಯುತ್ತಿದ್ದುದು ಇದೊಂದೇ ಬಾಯಿ. ಆ ಬಾಯಿಯನ್ನು ಬಿಟ್ಟುಕೊಡಲು ಅವರಿಗೆ ಹೆದರಿಕೆಯಾಗಿತ್ತು.

“ಸರಿ, ಉಳಿದಿದ್ದು ಮಾಯಾದು, ಓದು” ಎಂದರು.

ಅಕ್ಷತಾ ನಾಲ್ಕನೆಯ ಕಾರ್ಡು ಬಿಡಿಸಿದಳು. ಒಳಗೆ ಒಂದು ಹೂವಿತ್ತು, ಅಷ್ಟೇ. “ಇದ್ರಲ್ಲಿ ಏನೂ ಬರ್ದಿಲ್ಲ ಮಿಸ್. ಮಾಯಾ ಹೆಂಗ್ ಮಾತಾಡ್ತಿದ್ಲು ಅನ್ನೋದೇ ಮರ್ತೋಗೈತೆ.”

ಟೀಚರ್ ಮೇಜಿಗೆ ಹೋಗಿ ಡ್ರಾಯರು ಎಳೆದು ಅರ್ಜಿಯನ್ನೂ ಟಿ.ಸಿ. ಪುಸ್ತಕವನ್ನೂ ತೆಗೆದರು.

“ನೀವೂ ಕಾರ್ಡ್ ಮಾಡ್ತೀರಾ ಮಿಸ್? ಯಾವ ಕಲರ್ ಕೊಡ್ಲಿ?” ಅಕ್ಷತಾ ಮಾರ್ಕರಿನ ಡಬ್ಬಿಯನ್ನೇ ಹೊತ್ತು ತಂದಳು.

“ಪೆನ್ನೇ ಸಾಕು ಕಣೇ. ಸಂಜೆ ನಿಮ್ಮಪ್ಪನ್ನ ಕರ್ಕೊಂಡ್ ಬಾ. ಸೋಮವಾರದಿಂದ ನೀನೂ ವ್ಯಾನಲ್ಲಿ ಹೋಗು. ಭವ್ಯನ ಪಕ್ಕದಲ್ಲೇ ಕೂತ್ಕೊ.”

ಹುಡುಗಿಯ ಮುಖ ಇಷ್ಟಗಲವಾಯಿತು. ನಿಂತಲ್ಲೇ ಎರಡು ಸಲ ಕುಣಿದಳು. ಮೂರನೆಯ ಸಲ ಕುಣಿಯಲು ಹೋಗಿ ನಿಂತುಬಿಟ್ಟಳು.

“ನಾನೂ ಹೋದ್ರೆ ನೀವ್ ಯಾರಿಗ್ ಪಾಠ ಮಾಡ್ತೀರಾ ಮಿಸ್?”

ಶಾಂಭವಿ ಟೀಚರ್ ಟಿ.ಸಿ. ಪುಸ್ತಕ ಬಿಡಿಸಿದರು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲ ತುಂಬಿದರು. ‘ಶಾಲೆ ಬಿಡಲು ಕಾರಣ’ ಎನ್ನುವಲ್ಲಿಗೆ ಬಂದರು. ಜೂನ್‌ನಲ್ಲಿ ನಾಲ್ಕು ಸಲವೂ ಅಲ್ಲಿ ‘ಪೋಷಕರ ಇಚ್ಛೆ’ ಎಂದು ಕಣ್ಣು ಮುಚ್ಚಿ ಬರೆದಿದ್ದರು. ಈ ಸಲ ಪೆನ್ನು ಅಲ್ಲೇ ತಡೆಯಿತು. ಮೇಲಿನವರು ಕೇಳಿದರೆ ಕೇಳಲಿ ಎಂದುಕೊಂಡು, ಗುಂಡಗಿನ ಅಕ್ಷರದಲ್ಲಿ ‘ಜೊತೆಗೆ ಯಾರೂ ಇಲ್ಲ’ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದರು.