ಸನ್ನದಿನ ಗಿಳಿ

ಹೊಳಲ್ಕೆರೆ ಕಚೇರಿಯ ಮೇಜಿನ ಮೇಲೆ ಅಮಲ್ದಾರರು ಬಿಡಿಸಿಟ್ಟ ಸನ್ನದನ್ನು ಕಂಡೊಡನೆ ಕಾಟಯ್ಯ ಗುರುತು ಹಿಡಿದ. ಅಂಚಿಗೆ ಚಿನ್ನದ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಹಸಿರು ಗಿಳಿ. ಎಲ್ಲ ಅವನ ಕೈಯದೇ.

"ದುರ್ಗದಲ್ಲಿ ಹಳೆಯ ಚಿತ್ರದ ಕೆಲಸ ನಿನ್ನಷ್ಟು ಬಲ್ಲವರಿಲ್ಲವಂತೆ. ಇದು ಪಾಳೆಯಗಾರರ ಕಾಲದ್ದು ಹೌದೋ ಅಲ್ಲವೋ, ನೋಡಿ ಹೇಳು" ಎಂದರು ಅಮಲ್ದಾರರು.

ಹೋದ ವರ್ಷ ರಾಮಗಿರಿಯ ಜಂಬಣ್ಣ ಗೆದ್ದಲು ತಿಂದ ಹಳೆಯ ಕಾಗದವೊಂದನ್ನು ತಂದು, ಇದು ನಮ್ಮ ಪೂರ್ವಿಕರಿಗೆ ಪಾಳೆಯಗಾರರು ಭೂಮಿ ಬರೆದುಕೊಟ್ಟ ಸನ್ನದು, ದೇವರ ಮನೆಯಲ್ಲಿಡಲು ಇಂಥದ್ದೇ ಇನ್ನೊಂದು ಬೇಕು ಎಂದಿದ್ದ. ಕಾಟಯ್ಯನಿಗೆ ಅಂಥ ಕೆಲಸವೆಂದರೆ ಹುಚ್ಚು. ಮೂರು ತಿಂಗಳು ಕೂತು, ಅಳಿಲಿನ ಕೂದಲಿನ ಕುಂಚದಲ್ಲಿ ಬರೆದು, ತಂಗಡಿ ಗಿಡದ ಚಕ್ಕೆಯ ಕಷಾಯ ಬಳಿದು ಕಾಗದಕ್ಕೆ ನೂರೈವತ್ತು ವರ್ಷದ ಮುಪ್ಪು ತಂದಿದ್ದ. ಗೆದ್ದಲು ತಿಂದಿದ್ದ ಸಾಲುಗಳನ್ನು ಜಂಬಣ್ಣ ಬಾಯಲ್ಲಿ ಹೇಳಿದ್ದ. ಇವನು ಹೇಳಿದ ಹಾಗೆ ಬರೆದಿದ್ದ. ಗುಡ್ಡದ ಕೆಳಗಿನ ನೀರಿನ ಕಟ್ಟೆಯೂ ಜಂಬಣ್ಣನ ಮನೆತನಕ್ಕೆ ಸೇರಿದ್ದು ಎಂಬ ಮಾತು ಆ ಸಾಲುಗಳಲ್ಲಿತ್ತು. ಈಗ ಕಟ್ಟೆಯ ವ್ಯಾಜ್ಯದಲ್ಲಿ ಜಂಬಣ್ಣ ಅದನ್ನೇ ಸಾಕ್ಷಿಯಾಗಿ ತಂದಿಟ್ಟಿದ್ದ.

ಆ ಕಟ್ಟೆಯಲ್ಲಿ ಕುರಿಗಳಿಗೆ ನೀರು ಕುಡಿಸುವ ಹಟ್ಟಿಯವರ ಪರವಾಗಿ ದೊಡ್ಡಕ್ಕ ಎಂಬ ಮುದುಕಿ ಕಂಬಳಿ ಹೊದ್ದು ಗೋಡೆಗೆ ಒರಗಿ ನಿಂತಿದ್ದಳು. ಜಂಬಣ್ಣ ಬಾಗಿಲ ಬಳಿ ಇದ್ದ. ಒಳಗೆ ಬರುವಾಗಲೇ ಅವನು ಕಾಟಯ್ಯನ ಕಿವಿಯಲ್ಲಿ ಹೇಳಿದ್ದ: "ಹಳೇದು ಅಂದ್ರೆ ಮನೆಗೆ ಹೋಗ್ತೀಯ. ಹೊಸಾದು ಅಂದ್ರೆ ಮೊದ್ಲು ಬೇಡಿ ಬೀಳೋದು ಬರೆದ ಕೈಗೆ."

ಹಳೆಯದು ಎನ್ನಲು ಕಾಟಯ್ಯ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡಕ್ಕ ನಿಂತಲ್ಲಿಂದಲೇ ಆ ಸನ್ನದಿಗೆ ಕೈ ಮುಗಿದಳು.

"ರಾಜರ ಅಪ್ಪಣೆ ಅಂದ್ಮೇಲೆ ನಾವೇನು ಹೇಳಾಣ ಸ್ವಾಮಿ."

ಕಾಟಯ್ಯನ ಬಾಯಿಂದ ಬೇರೆ ಮಾತು ಬಂತು. ಇದು ನಾನು ಬರೆದಿದ್ದು ಎಂದ. ದನಿ ತನಗೇ ಕೇಳಿಸದಷ್ಟು ಸಣ್ಣದಾಗಿತ್ತು, ಇನ್ನೊಮ್ಮೆ ಹೇಳಬೇಕಾಯಿತು.

ಅಮಲ್ದಾರರು ನಂಬಲಿಲ್ಲ. ಹಟ್ಟಿಯವರು ಹೇಳಿಕೊಟ್ಟ ಮಾತೆಂದು ಗದರಿದರು. ನಿಜವಾದರೆ ಇಲ್ಲೇ ಕೂತು ಒಂದು ಗಿಳಿ ಬರೆ ಎಂದು ಬಿಳಿ ಕಾಗದ ತಳ್ಳಿದರು.

ಕಾಟಯ್ಯ ಚೀಲದಿಂದ ಕುಂಚ, ಬಣ್ಣದ ಚಿಪ್ಪು ತೆಗೆದ. ಗೆರೆ ಸೊಟ್ಟಗೆ ಬಂದರೆ ಸಾಕು, ತಲೆಕೆಟ್ಟವನೆಂದು ಬಯ್ದು ಮನೆಗೆ ಕಳಿಸುತ್ತಾರೆ. ಸರಿಯಾಗಿ ಬಂದರೆ ಜೈಲು. ಕುಂಚದಿಂದ ಕಾಗದದ ಮೇಲೆ ಒಂದು ಹಸಿರು ಹನಿ ಬಿತ್ತು. ಬಾಗಿಲ ಬಳಿ ಜಂಬಣ್ಣ ಕೆಮ್ಮಿದ. ಕಾಟಯ್ಯ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಕೊಕ್ಕಿನಿಂದ ಬಾಲದವರೆಗೆ ಒಂದೇ ಗೆರೆ ಎಳೆದ.

ಅಮಲ್ದಾರರು ಸನ್ನದಿನ ಗಿಳಿಯನ್ನೂ ಹೊಸ ಗಿಳಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಸನ್ನದು ಖೋಟಾ ಎಂದು ಬರೆದುಕೊಳ್ಳಲು ಗುಮಾಸ್ತನಿಗೆ ಹೇಳಿ, ಜಂಬಣ್ಣನನ್ನೂ ಕಾಟಯ್ಯನನ್ನೂ ಹೊರಗೆ ಬಿಡಬೇಡ ಎಂದು ದಫೇದಾರನಿಗೆ ಸನ್ನೆ ಮಾಡಿದರು. ದಫೇದಾರ ಬಂದು ಕಾಟಯ್ಯನ ರಟ್ಟೆ ಹಿಡಿದ. ಗುಮಾಸ್ತ ಹೊಸ ಗಿಳಿಯ ಕಾಗದವನ್ನು ಕಡತಕ್ಕೆ ಸೇರಿಸಲು ಎತ್ತಿಕೊಂಡ.

"ಬಣ್ಣ ಇನ್ನೂ ಹಸಿ ಐತೆ ಸ್ವಾಮಿ," ಎಂದ ಕಾಟಯ್ಯ. "ಈಗ್ಲೇ ಮಡಚಬ್ಯಾಡ್ರಿ."