ಅರ್ಧ ಹೋಳು

"ಒಳಗಿನ ವಸ್ತು ಹೊರಗೆ ಬಿಡೋ ಹಾಗಿಲ್ಲ ಸಾರ್," ಎಂದ ಗೇಟಿನ ಕಾವಲುಗಾರ ರಾಮಾಂಜಿನಪ್ಪ. ಇಲ್ಲಿನ ಹಿರಿಯ ಅಧಿಕಾರಿ ಪ್ರೇಮ್‌ಕುಮಾರನ ಕೈಯಲ್ಲಿದ್ದದ್ದು ತೆಂಗಿನಕಾಯಿಯ ಅರ್ಧ ಹೋಳು.

ವಿಮಾನಪುರದ ಈ ರಕ್ಷಣಾ ಪ್ರಯೋಗಾಲಯವೂ ಗೇಟಿನಾಚೆ ನಿಂತಿದ್ದ ಸುಕನ್ಯ ಕೆಲಸ ಮಾಡುವ ಹವಾಮಾನ ಪ್ರಯೋಗಾಲಯವೂ ಜೊತೆಯಾಗಿ ಕೊಂಡ ಸೂಪರ್ ಕಂಪ್ಯೂಟರಿಗೆ ಇವತ್ತು ಪೂಜೆ. "ಭದ್ರತೆ ವಿಷಯ, ಹೊರಗಿನವರು ಬೇಡ," ಎಂದು ಡೈರೆಕ್ಟರ್ ಅಂದಾಗ, ಯಂತ್ರ ಅವರದೂ ಹೌದು ಎನ್ನಲು ಪ್ರೇಮ್‌ಕುಮಾರನಿಗೆ ಬಾಯಿ ಬಂದಿರಲಿಲ್ಲ. ಬೆಳಿಗ್ಗೆ ಗೇಟಿನಾಚೆಯೇ ಉಳಿದ ಸುಕನ್ಯ, ಹಲಸೂರಿನಿಂದ ತಂದಿದ್ದ ಕಾಯಿಯನ್ನು ಅವನ ಕೈಗಿಟ್ಟು, "ನಮ್ಮ ಲ್ಯಾಬಿನ ಕಾಯೀನೂ ನೀವೇ ಒಡೆದ್ಬಿಡಿ," ಎಂದಿದ್ದಳು. ಕಾಯಿ ಕೊಟ್ಟವರಿಗೆ ಒಂದು ಹೋಳು ವಾಪಸ್ ಸಲ್ಲಬೇಕು. ಅದನ್ನೇ ಈಗ ತಂದಿದ್ದ.

"ಪ್ರಸಾದ ಕಣ್ರೀ. ಅವರದೇ ಕಾಯಿ."

"ಯಾರದಾದ್ರೂ ಆಗ್ಲಿ, ಗೇಟ್ ಪಾಸ್ ಇಲ್ದೆ ಏನೂ ಬಿಡಬೇಡ ಅಂದಿದ್ದು ನೀವೇ ಅಲ್ವಾ ಸಾರ್?"

ಸುಕನ್ಯ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. "ಇರ್ಲಿ ಬಿಡಿ. ಕಾಯಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು," ಎನ್ನುವಾಗ ಅವನು ತಲೆ ಎತ್ತಲಿಲ್ಲ. ಒಳಗೆ, ಈ ಎರಡನೇ ಕಾಯಿ ಯಾರದ್ದು ಎಂದು ಡೈರೆಕ್ಟರ್ ಕೇಳಿದಾಗ, "ನಮ್ದೇ ಸಾರ್," ಎಂದುಬಿಟ್ಟು ಬಂದಿದ್ದ.